ಬೆನ್ನ ಮೇಲೊಂದು ಗುಂಡುಸೂಜಿ

ಚಳಿಗಾಲದಲ್ಲಿ ಪುತ್ತೂರು ಕಡೆಯ ಗೇರುಗುಡ್ಡೆಗೆ ಹೋಗಿ ಈ ಸಲ ಫಸಲು ಹೇಗೆ ಎಂದು ಕೇಳಿ ನೋಡಿ. ಬರುವ ಉತ್ತರದಲ್ಲಿ ಮೋಡ, ಇಬ್ಬನಿಯ ದೂರು ಅರ್ಧ. ಉಳಿದರ್ಧ ಟೀ ಸೊಳ್ಳೆಯದು. ಇದು ಸೊಳ್ಳೆಯಲ್ಲ, ತಿಗಣೆಯ ದೂರದ ದಾಯಾದಿ. ರಕ್ತದ ಗೋಜಿಗೇ ಹೋಗದ ಶುದ್ಧ ಸಸ್ಯಾಹಾರಿ. ಆದರೆ ಊಟದಲ್ಲಿ ಮಹಾ ನಾಜೂಕು. ಬಲಿತ ಎಲೆಯನ್ನು ತಿರುಗಿಯೂ ನೋಡದು. ಎಳೆ ಚಿಗುರು, ಹೂಗೊಂಚಲಿನ ದೇಟು, ಆಗತಾನೇ ಕಟ್ಟಿದ ಎಳೆಬೀಜ ಬೇಕು. ತೊಂಡೆಕಾಯಿಯ ಜೊತೆ ಹಸಿ ಗೇರುಬೀಜದ ಪಲ್ಯವೆಂದರೆ ಬಾಯಲ್ಲಿ ನೀರೂರಿಸುವ ನಾವು ಅದರ ರುಚಿಯನ್ನು ಆಡಿಕೊಳ್ಳುವ ಹಾಗೂ ಇಲ್ಲ.

ತಕರಾರು ಅದು ಹೀರುವುದಕ್ಕಲ್ಲ, ಹೀರುವಾಗ ಉಗುಳುವುದಕ್ಕೆ. ಚುಚ್ಚಿದಲ್ಲಿ ಇಳಿದ ಜೊಲ್ಲಿಗೆ ಸುತ್ತಲಿನ ಜೀವಕೋಶಗಳು ಸತ್ತು ಕಪ್ಪು ಕಲೆ ಮೂಡುತ್ತದೆ. ಕಲೆಗೆ ಕಲೆ ಕೂಡಿ ಇಡೀ ಹೂಗೊಂಚಲೇ ಕರಟಿಹೋಗುತ್ತದೆ.

ಚಿಗುರೊಂದನ್ನು ಮೆಲ್ಲಗೆ ಬಗ್ಗಿಸಿದರೆ ಆಸಾಮಿ ಸಿಕ್ಕಾನು. ಸೆಂಟಿಮೀಟರಿಗೂ ಕಡಿಮೆ ಉದ್ದ, ಕರಿ ತಲೆ, ಕೆಂಗಂದು ಎದೆ, ಮೈಗಿಂತ ಉದ್ದದ ಮೀಸೆ. ಬೆನ್ನ ನಡುವೆ ನೆಟ್ಟಗೆ ನಿಂತ, ತುದಿ ಗುಂಡಗಿರುವ ಮುಳ್ಳು. ಕೀಟ ಸಂಗ್ರಹಿಸುವವರಿಗೆ ತೊಂದರೆ ಯಾಕೆಂದು ಗುಂಡುಸೂಜಿಯನ್ನು ತಾನೇ ಚುಚ್ಚಿಕೊಂಡು ಬಂದಂತಿದೆ! ಮೊಟ್ಟೆಯನ್ನಂತೂ ಚಿಗುರಿನೊಳಗೇ ಹುದುಗಿಸಿಡುತ್ತದೆ. ಹೊರಗೆ ಕಾಣುವುದು ಉಸಿರಾಟದ ಎರಡು ಎಳೆ ಮಾತ್ರ, ಒಂದು ಉದ್ದ, ಒಂದು ಗಿಡ್ಡ. ಭೂತಗನ್ನಡಿ ಇಲ್ಲದವರಿಗೆ ಅದೂ ಇಲ್ಲ.

1858ರಲ್ಲಿ ಫ್ರಾನ್ಸಿನ ಸಿನ್ಯೋರೆ ಈ ಕುಲಕ್ಕೆ ಹೆಲೋಪೆಲ್ಟಿಸ್ ಎಂದು ಹೆಸರಿಟ್ಟ. ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾದ ಕಡೆಗೆಲ್ಲ ಹರಡಿದ ದೊಡ್ಡ ಕುಟುಂಬ. ಅಸ್ಸಾಮಿನ ಚಹಾ ತೋಟದಲ್ಲಿ ಥೀವೋರಾನ ದರ್ಬಾರು; ನಮ್ಮ ಗೇರಿಗೆ ಮುಖ್ಯವಾಗಿ ಆಂಟೋನಿ. ಆಂಟೋನಿಗೆ ಸೀಬೆಯೂ ಆದೀತು, ಕೋಕೋವೂ ಆದೀತು, ಕಹಿಬೇವಿನ ಚಿಗುರೂ ಆದೀತು. ಬೇವಿನೆಣ್ಣೆ ಸಿಂಪಡಿಸಿ ಎಂದು ಸಲಹೆ ಕೊಡುವವರಿಗೆ ಈ ಕೊನೆಯ ವಿಷಯ ಯಾರಾದರೂ ತಿಳಿಸಬೇಕು.

ಹಾಸ್ಯ ಇಲ್ಲಿಗೆ ಸಾಕು. ಕಾಸರಗೋಡಿನ ಸರ್ಕಾರಿ ಗೇರುತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಇದೇ ಕೀಟದ ನೆಪದಲ್ಲಿ. ನಮ್ಮ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಗಳ ಮೇಲೂ ಸುರಿಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಷೇಧಿಸಿತು. ಹಾಸಿಗೆ ಹಿಡಿದ ಮಕ್ಕಳ ತಾಯಂದಿರು ಕಚೇರಿ ಅಲೆಯುವುದು ಆಮೇಲೂ ನಿಲ್ಲಲಿಲ್ಲ. ಟೀ ಸೊಳ್ಳೆ ಮಾತ್ರ ಪ್ರತಿ ವರ್ಷ ಚಿಗುರಿನ ಹೊತ್ತಿಗೆ ಸರಿಯಾಗಿ ಹಾಜರು.

ಅದಕ್ಕೆ ತಕ್ಕ ಶತ್ರು ಮರದ ಮೇಲೆಯೇ ಇದೆ: ಎಲೆ ಹೆಣೆದು ಗೂಡು ಕಟ್ಟುವ ಚಗಳಿ. ಆಸ್ಟ್ರೇಲಿಯಾದ ಗೇರುತೋಟಗಳಲ್ಲಿ ಈ ಇರುವೆಯನ್ನೇ ಕಾವಲಿಗೆ ಬಿಟ್ಟು ಗೆದ್ದಿದ್ದಾರೆ. ನಮ್ಮಲ್ಲಿ ಹೇಳಿದರೆ ತೋಟದ ಯಜಮಾನರು ತಲೆದೂಗುತ್ತಾರೆ, ಮರ ಹತ್ತುವವನು ಮಾತ್ರ ಒಪ್ಪುವುದಿಲ್ಲ. ಚಗಳಿಗೆ ತಿಗಣೆಯೂ ಒಂದೇ, ಅವನ ಕತ್ತೂ ಒಂದೇ. "ಆ ಮರ ನೀವೇ ಹತ್ತಿ ಧಣಿ" ಎಂದು ದೋಟಿಯನ್ನು ಅವರ ಕೈಗೇ ಕೊಡುತ್ತಾನೆ.