ಸಿ ಡ್ರೈವ್ ನಂಬದ ಮನುಷ್ಯ

ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ತಾಲ್ಲೂಕು ಕಚೇರಿ ಎದುರಿಗೆ, ಜೆರಾಕ್ಸ್ ಅಂಗಡಿಗೆ ಅಂಟಿಕೊಂಡ ಡಿಜಿಟಲ್ ಸ್ಟುಡಿಯೋ. ಒಳಗೆ ನೀಲಿ ಪರದೆ, ಸ್ಟೂಲು, ಊರವರೆಲ್ಲ ತಲೆ ಬಾಚಿದ ಒಂದು ಬಾಚಣಿಗೆ, ಯಾರ ಅಳತೆಗೂ ಕೂರದ ಒಂದು ಕೋಟು. ಅವರ ನಿಜ ಹೆಸರು ರೇಷನ್ ಕಾರ್ಡಿಗಷ್ಟೇ ಗೊತ್ತು. ಊರಿಗೆ ಅವರು ಸ್ಟುಡಿಯೋ ಅಣ್ಣ.

ಅಣ್ಣನ ಕಂಪ್ಯೂಟರಿನಲ್ಲಿ ವಿಂಡೋಸ್ 7. ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಅದರ ಕೈಬಿಟ್ಟಿತು, ಅಣ್ಣ ಬಿಟ್ಟಿಲ್ಲ. ಫೋಟೋಶಾಪ್ ಅಂತೂ 2002ರಲ್ಲಿ ಬಂದ 7.0. (ಲೈಸೆನ್ಸ್ ವಿಷಯ ನಾವು ಕೇಳುವುದಿಲ್ಲ, ಅವರು ಹೇಳುವುದಿಲ್ಲ.) ‘ಹೊಸದು ತಗೊಳ್ಳಿ ಅಣ್ಣ’ ಎಂದರೆ ಮೌಸ್ ಮೇಲಿನ ಕೈ ತೆಗೆಯದೆಯೇ ಉತ್ತರ: ‘ತಗೋಬೋದು ಸಾರ್. ಸೆಟ್ಟಿಂಗ್ ಯಾರು ಕೊಡ್ತಾರೆ?’

ಸೆಟ್ಟಿಂಗ್ ಎಂದರೆ ಆ್ಯಕ್ಷನ್‌ಗಳು, ಒಮ್ಮೆ ರೆಕಾರ್ಡ್ ಮಾಡಿಟ್ಟರೆ ಒಂದೇ ಕೀಗೆ ಮತ್ತೆ ಮತ್ತೆ ನಡೆಯುವ ಕೆಲಸಗಳು. ಎಫ್2 ಒತ್ತಿದರೆ 35×45 ಮಿಲಿಮೀಟರಿನ ಎಂಟು ಮುಖಗಳು 4×6 ಇಂಚಿನ ಹಾಳೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಎಫ್5ರ ಹೆಸರು ‘ಮದುಮಗಳು ಫೈನಲ್ ಹೊಸದು’. ಒತ್ತಿದ ತಕ್ಷಣ ಮೊಡವೆ ಮಾಯ, ಕರ್ವ್ಸ್ ಏರಿ ಮುಖ ಬೆಳ್ಳಗೆ. ತಾಲ್ಲೂಕಿನಲ್ಲಿ ಮದುವೆಯಾದ ಅಷ್ಟೂ ಹೆಣ್ಣುಮಕ್ಕಳಿಗೆ ಆಲ್ಬಮ್ಮಿನಲ್ಲಿ ಒಂದೇ ಮೈಬಣ್ಣ. ಎಫ್7 ಒತ್ತಿದರೆ ದಂಪತಿ ಹಿಮಾಲಯದಲ್ಲಿರುತ್ತಾರೆ, ರೇಷ್ಮೆ ಸೀರೆ, ಬಾಸಿಂಗದ ಸಮೇತ.

ಅಣ್ಣನಿಗೊಂದು ಸಿದ್ಧಾಂತವಿದೆ: ಸಿ ಡ್ರೈವಿನಲ್ಲಿ ಏನೂ ಇಡಬಾರದು, ಫಾರ್ಮ್ಯಾಟ್ ಹೊಡೆದರೆ ಹೋಗುತ್ತೆ. ಹಾಗಾಗಿ ಪಿಎಸ್‌ಡಿ, ಬ್ಯಾಕ್‌ಗ್ರೌಂಡು, ಸತ್ತವರಿಗೆ ಹಾಕುವ ಹಾರದ ಚಿತ್ರ, ಎಲ್ಲವೂ ಇ ಡ್ರೈವಿನಲ್ಲಿ. ಕೊನೆಗೊಂದು ದಿನ ಡಿಪ್ಲೊಮಾ ಓದುವ ಅಕ್ಕನ ಮಗ ಬಂದು ಸಿದ್ಧಾಂತವನ್ನು ಬುಡಮೇಲು ಮಾಡಿದ.

‘ಮಾವ, ನಿಮ್ಮ ಆ್ಯಕ್ಷನ್ನೆಲ್ಲ ಸಿ ಡ್ರೈವಲ್ಲೇ ಇದೆ. ಆ್ಯಪ್‌ಡೇಟಾ ಅಂತ ಹಿಡನ್ ಫೋಲ್ಡರು.’

‘ನಾನು ಇಟ್ಟಿಲ್ವಲ್ಲೋ!’

‘ಫೋಟೋಶಾಪೇ ಇಟ್ಕೊಂಡಿರೋದು. ಅದೂ ನೀವು ನೆಟ್ಟಗೆ ಕ್ಲೋಸ್ ಮಾಡಿದ್ರೆ ಮಾತ್ರ ಬರೆಯುತ್ತೆ.’

ಕರೆಂಟ್ ಹೋದ ಮಧ್ಯಾಹ್ನಗಳೆಲ್ಲ ಅಣ್ಣನ ಕಣ್ಮುಂದೆ ಹಾದುಹೋದವು. ಹಿಂದೊಮ್ಮೆ ಬೆಳಗ್ಗೆ ರೆಕಾರ್ಡ್ ಮಾಡಿದ ಆ್ಯಕ್ಷನ್ ಸಂಜೆಗೆ ಕಾಣದಾದಾಗ ಅವರು ಅನುಮಾನಪಟ್ಟಿದ್ದು ಪಕ್ಕದ ಜೆರಾಕ್ಸಿನವರನ್ನು.

ಹುಡುಗ ಸೇವ್ ಆ್ಯಕ್ಷನ್ಸ್ ತೋರಿಸಿದರೆ ಅದು ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು. ‘ನೋಡ್ದಾ, ಬರಲ್ಲ ಅಂತಿದೆ’ ಎಂದರು ಅಣ್ಣ, ಗೆದ್ದವರ ದನಿಯಲ್ಲಿ. ಆಯ್ಕೆ ಮಾಡಬೇಕಾದ್ದು ಒಂದೊಂದು ಆ್ಯಕ್ಷನ್ನನ್ನಲ್ಲ, ಅವುಗಳ ಮೇಲಿನ ಸೆಟ್ಟನ್ನು. ಮಾಡಿದ, ಪೆನ್‌ಡ್ರೈವಿಗೆ ಫೈಲು ಬಂತು. ಅಣ್ಣ ಅದರ ಸೈಜ್ ನೋಡಿ ಮಂಕಾದರು. ಕೆಲವೇ ಕೆಬಿ. ಒಂದು ಪಾಸ್‌ಪೋರ್ಟ್ ಫೋಟೋದಷ್ಟೂ ಇಲ್ಲ. ‘ಇನ್ನೊಂದ್ಸಲ ನೋಡೋ, ಪೂರ್ತಿ ಬಂದಿರಲ್ಲ.’

ಪೂರ್ತಿಯೇ ಬಂದಿತ್ತು. ಸೆಟ್ಟಿಂಗ್ ಕೈಗೆ ಸಿಕ್ಕ ಧೈರ್ಯದಲ್ಲಿ ಅಣ್ಣ ಕೊನೆಗೂ ತಂದ ಹೊಸ ಕಂಪ್ಯೂಟರಿನ ಹೊಸ ಫೋಟೋಶಾಪು ಹಳೇ ಆ್ಯಕ್ಷನ್‌ಗಳನ್ನು ಚಕಾರವೆತ್ತದೆ ತೆಗೆದುಕೊಂಡಿತು. ತಕರಾರು ಎದ್ದದ್ದು ಬೇರೆ ಕಡೆ. ಹಳೇ ಆಲ್ಬಮ್ಮೊಂದರಲ್ಲಿ ಹೆಸರು ತಿದ್ದಲು ಕ್ಲಿಕ್ ಮಾಡಿದ್ದೇ ತಡ, ನುಡಿ ಫಾಂಟ್ ಇಲ್ಲದ ಆ ಯಂತ್ರದಲ್ಲಿ ಕನ್ನಡದ ವಧೂವರರಿಬ್ಬರೂ ಯುರೋಪಿನ ಯಾವುದೋ ಭಾಷೆಯಲ್ಲಿ ಶುಭವಿವಾಹವಾದರು. ಫಾಂಟ್ ಹಾಕಿದ್ದಾಯಿತು. ಎಫ್7 ಒತ್ತಿದರೆ ಹಿಮಾಲಯ ಇಲ್ಲ. ಆ್ಯಕ್ಷನ್ ಇ ಡ್ರೈವನ್ನು ಹುಡುಕುತ್ತಿದೆ, ಹೊಸದರಲ್ಲಿ ಇರುವುದೇ ಸಿ ಒಂದು.

‘ಪಾತ್ ಚೇಂಜ್ ಮಾಡ್ಲಾ ಮಾವ?’

‘ಬ್ಯಾಡ. ಇ ಡ್ರೈವ್ ಮಾಡು.’

ಆದ್ದರಿಂದ ಒಂದೇ ಡಿಸ್ಕನ್ನು ಆಸ್ತಿ ಪಾಲಿನಂತೆ ಸೀಳಿ ಡಿ, ಇ ಎಂದು ಹೆಸರಿಟ್ಟರು. ಇಡೀ ಡಿಸ್ಕೇ ಕೈಕೊಟ್ಟರೆ ಎಲ್ಲ ಪಾಲೂ ಒಟ್ಟಿಗೇ ಹೋಗುತ್ತವೆ ಎಂಬುದನ್ನು ಹುಡುಗ ಹೇಳಲಿಲ್ಲ. ಅವನಿಗೂ ಮಾವನ ಮೇಲೆ ಪ್ರೀತಿ ಇದೆ.

ಹಿಮಾಲಯ ಬಂತು, ಎಂಟು ಮುಖ ಬಂತು. ಎಫ್5 ಮಾತ್ರ ಅಣ್ಣನಿಗೆ ಒಪ್ಪಿಗೆಯಾಗಲಿಲ್ಲ. ಮದುಮಗಳು ಬೆಳ್ಳಗಾಗುವ ಬದಲು ಸುಣ್ಣ ಬಳಿದುಕೊಂಡವಳ ಹಾಗೆ ಕಂಡಳು. ಹಳೇ ಮಾನಿಟರ್ ವರ್ಷಾನುವರ್ಷ ಮಬ್ಬಾಗುತ್ತ ಬಂದಿತ್ತು, ಅಣ್ಣ ಅದರ ಜೊತೆಗೇ ಕರ್ವ್ಸ್ ಏರಿಸುತ್ತ ಬಂದಿದ್ದರು ಎಂದು ಹುಡುಗ ಬಿಡಿಸಿ ಹೇಳಿದ. ಅಣ್ಣ ಸಾವಧಾನವಾಗಿ ಕೇಳಿಸಿಕೊಂಡರು. ‘ಹೊಸ ಮಾನಿಟರಲ್ಲಿ ಡಿಫೆಕ್ಟ್ ಐತೆ’ ಎಂದರು.

ಈಗ ಹೊಸ ಸಿಪಿಯುಗೆ ಕನ್ವರ್ಟರ್ ಸಿಕ್ಕಿಸಿ ಹಳೇ ಮಾನಿಟರನ್ನೇ ಜೋಡಿಸಿದ್ದಾರೆ. ಹೊಸ ಮಾನಿಟರಿಗೆ ಸಿಸಿಟಿವಿ ತೋರಿಸುವ ಕೆಲಸ ಕೊಟ್ಟಾಗಿದೆ. ಜೆರಾಕ್ಸಿನವರ ಕಡೆ ತಿರುಗಿಸಿದ ಕ್ಯಾಮೆರಾದ ಚಿತ್ರ ಅದರಲ್ಲಿ ಬಲು ಸ್ಪಷ್ಟವಾಗಿ ಕಾಣುತ್ತದಂತೆ.