ನೊರೆ ಮಹಾರಾಯರಿಗೆ ಒಂದು ಬಹಿರಂಗ ಪತ್ರ

ಪರಮಪೂಜ್ಯ ನೊರೆ ಮಹಾರಾಯರ ಸನ್ನಿಧಾನಕ್ಕೆ,

ಅಡುಗೆಮನೆಯ ಸಿಂಕು, ಬಚ್ಚಲು, ಬಟ್ಟೆಯ ಬಕೆಟ್ಟು ಮೂರನ್ನೂ ಆಳುತ್ತಿರುವ ತಮಗೆ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ತಮ್ಮ ಕ್ಷೇಮ ಕೇಳಬೇಕಾದ ಅಗತ್ಯವಿಲ್ಲ. ಯಾರ ಮನೆಯಲ್ಲಿ ನೋಡಿದರೂ ಉಕ್ಕುತ್ತಲೇ ಇದ್ದೀರಿ. ಒಂದು ವರ್ಷದಿಂದ ಪಾತ್ರೆ, ನೆಲ, ತಾಮ್ರ-ಹಿತ್ತಾಳೆ ತೊಳೆಯಲು ಬೇಕಾದುದನ್ನು ನಾನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೇನೆ. ತಿಂಗಳ ಖರ್ಚು ಇಳಿಸಲೆಂದು ಹಿಡಿದ ಕೆಲಸ. ಈ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಅಡ್ಡ ನಿಂತವರು ತಾವು. ಆದ್ದರಿಂದ ಈ ವಿನಮ್ರ ಅರಿಕೆ.

ಮೊದಲು ಕೃತಜ್ಞತೆ. ಶುಚಿ ಎಂದರೇನು ಎಂದು ನಮ್ಮ ಕಣ್ಣಿಗೆ ಪಾಠ ಹೇಳಿದವರು ತಾವೇ. ಕಲಬುರಗಿಯ ನಮ್ಮ ಮನೆಯಲ್ಲಿ ಅಜ್ಜಿ ಒಲೆಯ ಬೂದಿಯನ್ನು ಸೋಸಿಟ್ಟು, ತೆಂಗಿನ ಜುಂಗಿಗೆ ಹಚ್ಚಿಕೊಂಡು ಪಾತ್ರೆ ತಿಕ್ಕುತ್ತಿದ್ದಳು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ಅದು ಜಿಡ್ಡನ್ನು ಸಡಿಲಿಸುತ್ತದೆ, ನುಣುಪಾದ ಪುಡಿ ಕರಿಯನ್ನು ಉಜ್ಜಿ ತೆಗೆಯುತ್ತದೆ. ತಾಮ್ರದ ಹಂಡೆಗೆ ಹುಣಸೆಹಣ್ಣು ಮತ್ತು ಉಪ್ಪು. ಹುಣಸೆಯ ಟಾರ್ಟಾರಿಕ್ ಆಮ್ಲಕ್ಕೆ ಕಿಲುಬು ಕರಗುತ್ತದೆ. ಈ ಎರಡು ಕೆಲಸಗಳಲ್ಲೂ ತಮ್ಮ ಸುಳಿವಿರಲಿಲ್ಲ, ಹಂಡೆ ಮಾತ್ರ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ತಾವು ಚಿತ್ತೈಸಿದ ಮೇಲೆ ಬೂದಿ ಹಿಡಿದ ಕೈ ಬಡತನದ ಗುರುತಾಯಿತು. ಹಿತ್ತಿಲಲ್ಲಿ ಪುಕ್ಕಟೆ ಸಿಗುತ್ತಿದ್ದುದನ್ನು ನಾಚಿಕೆಪಟ್ಟು ಬಿಟ್ಟೆವು, ಅಂಗಡಿಯಲ್ಲಿ ದುಡ್ಡು ಕೊಟ್ಟು ತಮ್ಮನ್ನು ತಂದೆವು.

ತಾವು ಯಾರು ಎಂಬುದನ್ನು ತಿಳಿಯುವ ಭಾಗ್ಯ ನನಗೆ ಬಹಳ ತಡವಾಗಿ ಬಂತು. ಸೋಪಿನ ಕಣಕ್ಕೆ ಎರಡು ತುದಿ: ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ಜಿಡ್ಡು ಬೇಕು. ಜಿಡ್ಡನ್ನು ಹಿಡಿದು ನೀರಿಗೆಳೆಯುವ ದುಡಿಮೆ ಆ ಕಣದ್ದು. ತಾವು ಅದೇ ನೀರಿನ ತೆಳುಪೊರೆಯೊಳಗೆ ಸಿಕ್ಕಿಕೊಂಡ ಗಾಳಿ. ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ನಿಗೂ ಪಾತ್ರೆ ತೊಳೆಯುವ ಯಂತ್ರಕ್ಕೂ ಮಾಡುವ ಪುಡಿಗಳಲ್ಲಿ ತಾವು ಏಳದಂತೆ ಬೇಕೆಂದೇ ತಡೆದಿರುತ್ತಾರೆ. ತಾವಿಲ್ಲದೆಯೂ ಅಲ್ಲಿ ಬಟ್ಟೆ, ಪಾತ್ರೆ ಶುಚಿಯಾಗುತ್ತವೆ. ಕೈಯಲ್ಲಿ ತೊಳೆಯುವವರ ಬಾಟಲಿಗೆ ಮಾತ್ರ ತಮ್ಮನ್ನು ಹೆಚ್ಚಿಸುವ ರಾಸಾಯನಿಕವನ್ನು ಬೇರೆಯಾಗಿ ಸೇರಿಸುತ್ತಾರೆ. ಕಣ್ತುಂಬಿಸಿದ ಆ ಉಪಕಾರದ ಬೆಲೆಯನ್ನು ಪ್ರತಿ ತಿಂಗಳೂ ನಾವೇ ತೆತ್ತಿದ್ದೇವೆ.

ಅಂಟುವಾಳದ ವಿಷಯದಲ್ಲಿ ತಾವು ತೋರಿದ ಕಠೋರತೆಯನ್ನು ನಿವೇದಿಸಲೇಬೇಕು. ಬೀಜ ತೆಗೆದ 12–15 ಕಾಯಿಗಳನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿ, ಕಿವುಚಿ ಸೋಸಿದರೆ ಕಂದು ಬಣ್ಣದ ನೀರು ಸಿಗುತ್ತದೆ. ಅದರಲ್ಲಿರುವ ಸಪೋನಿನ್ ಸೋಪಿನ ಕೆಲಸವನ್ನೇ ಮಾಡುತ್ತದೆ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಆದ್ದರಿಂದ ಸ್ವಲ್ಪಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಡಬೇಕು. ಪಾತ್ರೆಗೆ ಅದನ್ನು ಹಾಕಿದ ಮೊದಲ ದಿನ ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕ, ‘ಇದರಾಗ ಬುರುಗೇ ಬರಂಗಿಲ್ಲಲ್ರೀ, ಹೆಂಗ ತೊಳೀಲಿ?’ ಎಂದರು. ತೊಳೆದ ತಟ್ಟೆಯಲ್ಲಿ ಜಿಡ್ಡಿರಲಿಲ್ಲ. ಆದರೂ ಅವರಿಗೆ ನಂಬಿಕೆ ಬರಲಿಲ್ಲ. ಬಾಟಲಿಯ ದ್ರವಕ್ಕೆ ಚಳಿಗಾಲದಲ್ಲಿ ಬಿರಿಯುತ್ತಿದ್ದ ಅವರ ಬೆರಳ ಸಂದಿಗಳು ಮಾಗಲು ಶುರುವಾದ ಮೇಲೆಯೇ ನಂಬಿದ್ದು. ತಮ್ಮ ಮೇಲಿನ ಭಕ್ತಿ ಕರಗಲು ಬೇರೆಯವರ ಕೈ ಬಿರಿಯಬೇಕಾಯಿತು. ಈ ಒಂದು ದೂರನ್ನು ದಯಮಾಡಿ ಮನಸ್ಸಿಗೆ ಹಚ್ಚಿಕೊಳ್ಳಬೇಕು.

ಇನ್ನು ಅಡುಗೆ ಸೋಡಾ ಮತ್ತು ವಿನೆಗರ್. ಮನೆಯಲ್ಲೇ ಮಾಡಿಕೊಳ್ಳುವವರನ್ನೂ ತಾವು ಬಿಡಲಿಲ್ಲ. ಎರಡನ್ನೂ ಕೂಡಿಸಿದ ಕ್ಷಣ ತಾವು ಭುಸ್ಸೆಂದು ಎದ್ದು ದರ್ಶನ ಕೊಡುತ್ತೀರಿ. ನೋಡಿದವರು ಕೊಳೆ ಕಿತ್ತುಬಂತು ಎಂದು ಕೈಮುಗಿಯುತ್ತಾರೆ. ನಡೆದದ್ದು ಇಷ್ಟೇ: ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದುಕೊಂಡವು. 84 ಗ್ರಾಂ ಸೋಡಾಕ್ಕೆ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ 60 ಗ್ರಾಂ ಸೇರಿದರೆ 44 ಗ್ರಾಂ ಅನಿಲ ಹಾರಿಹೋಗುತ್ತದೆ. ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಮತ್ತು ನೀರು. ಜಿಡ್ಡು ಬಿಡಿಸುವ ಸೋಡಾ ಹೋಯಿತು, ಸುಣ್ಣದ ಕಲೆ ಕರಗಿಸುವ ವಿನೆಗರ್ ಹೋಯಿತು, ಎರಡರ ಕಾಸೂ ಹೋಯಿತು. ಬೇರೆಬೇರೆಯಾಗಿ ಬಳಸಿದರೆ ಎರಡೂ ಕೆಲಸಕ್ಕೆ ಬರುತ್ತವೆ.

ನಮ್ಮೂರ ಕಡೆಯ ಶಹಾಬಾದಿ ಫರಸಿಯ ಮೇಲೆ ತಾವು ಮಾಡಿದ್ದು ಇದಕ್ಕಿಂತ ದೊಡ್ಡದು. ಅದು ಸುಣ್ಣದ ಕಲ್ಲು. ಬಚ್ಚಲಿನ ಆಸಿಡ್ ಬಿದ್ದರೆ ಅಲ್ಲಿ ತಾವು ಕುದಿಯುತ್ತ ಏಳುತ್ತೀರಿ. ಹೊಲಸು ಏಳುತ್ತಿದೆ ಎಂದು ನಾವು ಹಿಗ್ಗುತ್ತೇವೆ. ಏಳುತ್ತಿರುವುದು ಕಲ್ಲೇ. ನಿಂಬೆರಸ, ವಿನೆಗರ್ ಕೂಡ ನಿಧಾನವಾಗಿ ಅದನ್ನೇ ಮಾಡುತ್ತವೆ, ಅಮೃತಶಿಲೆಗೂ ಮೊಸಾಯಿಕ್ ನೆಲಕ್ಕೂ ಇದೇ ಗತಿ. ಅವ್ವನ ಮನೆಯ ನಡುಮನೆಯಲ್ಲಿ ಹೊಳಪು ಸತ್ತ ಒಂದು ಫರಸಿ ಇಂದಿಗೂ ಇದೆ. ತಮ್ಮನ್ನು ನಂಬಿ ನಾನು ನಿಂಬೆರಸ ಸುರಿದ ಜಾಗ ಅದು. ಅಂಥ ನೆಲಕ್ಕೆ ಬಿಸಿನೀರು, ಎರಡು ಚಮಚ ಅಂಟುವಾಳದ ನೀರು ಸಾಕು.

ಎಲ್ಲಕ್ಕಿಂತ ಭಯದ ಸಂಗತಿಯನ್ನು ಕೈಮುಗಿದು ಹೇಳುತ್ತೇನೆ. ತಾವು ಸಾಕಷ್ಟು ಏಳಲಿಲ್ಲವೆಂದು ಒಂದು ದ್ರವದ ಮೇಲೆ ಇನ್ನೊಂದನ್ನು ಸುರಿಯುವವರಿದ್ದಾರೆ. ಬ್ಲೀಚಿಂಗ್ ಪುಡಿಯ ಜೊತೆ ಟಾಯ್ಲೆಟ್ ಆಸಿಡ್ ಅಥವಾ ವಿನೆಗರ್ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಉಸಿರನ್ನೇ ಕಟ್ಟಿಸುತ್ತದೆ. ಮನೆಯಲ್ಲಿ ವಾಂತಿಭೇದಿ ಬಂದಾಗ ಬ್ಲೀಚ್ ಬೇಕೇ ಬೇಕು. ಅಂಟುವಾಳ, ವಿನೆಗರ್ ಅದರ ಜಾಗದಲ್ಲಿ ನಿಲ್ಲಲಾರವು. ಆದರೆ ಬ್ಲೀಚ್ ನೀರಿನ ಜೊತೆಗೆ ಮಾತ್ರ ಇರಬೇಕು, ಬಾಗಿಲು ಕಿಟಕಿ ತೆರೆದಿರಬೇಕು.

ತಮ್ಮನ್ನು ಬರಮಾಡಿಕೊಂಡಷ್ಟು ಸುಲಭವಲ್ಲ ಬೀಳ್ಕೊಡುವುದು. ಒಂದು ಬಕೆಟ್ ಬಟ್ಟೆಯಿಂದ ತಮ್ಮನ್ನು ಕಳಿಸಲು ಮೂರು ಬಕೆಟ್ ನೀರು ಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಆ ದಿನಗಳಲ್ಲಿ ಟ್ಯಾಂಕರಿಗೆ ಕಾಯುತ್ತ ನಿಂತವಳು ನಾನು. ಅಳತೆಗೆ ಮೀರಿ ಸುರಿದ ಪ್ರತಿ ಚಮಚ ಪುಡಿಯೂ ಆಗ ಕೊಡಗಳ ಲೆಕ್ಕದಲ್ಲಿ ಕಾಣುತ್ತಿತ್ತು.

ನಮ್ಮ ಮನೆಯಿಂದ ಹೊರಟು ತಾವು ತಲುಪುವ ತೀರ್ಥಕ್ಷೇತ್ರವನ್ನೂ ಕಂಡಿದ್ದೇವೆ. 2015ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹಾರಿ ರಸ್ತೆಯಲ್ಲಿ ಹೋಗುವವರ ಮೈಮೇಲೆ ಬಿದ್ದಿರಿ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೇ ಬೆಂಕಿ ಹತ್ತಿತು. ಸಂಸ್ಕರಿಸದ ಚರಂಡಿ ನೀರು ಆ ಕೆರೆಗೆ ಬಿದ್ದದ್ದು ಆಡಳಿತದ ತಪ್ಪು; ಆ ನೀರಿನಲ್ಲಿ ತಾವಿದ್ದದ್ದರಲ್ಲಿ ನಮ್ಮೆಲ್ಲರ ಸಿಂಕುಗಳ ಪಾಲೂ ಇದೆ. ಅಂಟುವಾಳದ ಸಪೋನಿನ್ ಕೂಡ ಮೀನಿಗೆ ವಿಷವೇ. ಹಾಗಾಗಿ ಯಾವುದನ್ನೇ ಆಗಲಿ ಬೇಕಾದಷ್ಟೇ ಬಳಸುವುದೊಂದೇ ದಾರಿ.

ಕಡೆಯದಾಗಿ ತಮ್ಮ ಪಾದಕ್ಕೆ ಮೂರು ಬಿನ್ನಹಗಳು. ಶುಚಿಯ ಅಳತೆಗೋಲಾಗಿ ನಮ್ಮ ಕಣ್ಣ ಮುಂದೆ ನಿಲ್ಲಬೇಡಿ. ಬೂದಿ, ಹುಣಸೆ, ಅಂಟುವಾಳ ಹಿಡಿದ ಕೈಗಳಿಗೆ ಅವುಗಳ ಮರ್ಯಾದೆಯನ್ನು ಹಿಂದಿರುಗಿಸಿ. ಕೆರೆಗಳನ್ನು ಬಿಟ್ಟು ಹೋಗಿ.

ಓದುಗರಲ್ಲಿ ನನ್ನ ಕೋರಿಕೆ ಒಂದೇ. ಜಿಡ್ಡಿಗೆ ಕ್ಷಾರ ಅಥವಾ ಅಂಟುವಾಳ, ಕಿಲುಬಿಗೂ ಸುಣ್ಣದ ಕಲೆಗೂ ಹುಳಿ, ಸುಣ್ಣದ ಕಲ್ಲಿಗೆ ಹುಳಿ ಬೇಡ, ಯಾವುದನ್ನೂ ಯಾವುದರೊಂದಿಗೂ ಬೆರೆಸುವುದು ಬೇಡ. ಇಷ್ಟು ನೆನಪಿದ್ದರೆ ಕಪಾಟಿನ ಬಾಟಲಿಗಳಲ್ಲಿ ಅರ್ಧಕ್ಕರ್ಧ ಬೇಕಾಗುವುದಿಲ್ಲ. ತೊಳೆದ ತಟ್ಟೆಯ ಮೇಲೆ ಒಮ್ಮೆ ಬೆರಳು ಎಳೆದು ನೋಡಿ. ಕಿರ್ ಎಂದರೆ ಅದು ಶುಚಿಯಾಗಿದೆ.

ಇತಿ ತಮ್ಮ ವಿಧೇಯ,
ಒಬ್ಬ ಗೃಹಿಣಿ