ಬೂಷ್ಟಿಗೂ ಒಂದು ಶೇರ್ ಸರ್ಟಿಫಿಕೇಟ್ ಕೊಡಿ

ಮಹಾಪೆಯ ಆಸುಪಾಸಿನ, ಘನ್ಸೋಲಿ, ಕೋಪರ್‌ಖೈರಣೆಯಿಂದ ಶೀಳ್‌ಫಾಟಾ ದಾಟಿ ಡೊಂಬಿವಲಿ, ಕಲ್ಯಾಣದವರೆಗಿನ ಸಮಸ್ತ ಹೌಸಿಂಗ್ ಸೊಸೈಟಿಗಳ ಸೆಕ್ರೆಟರಿ ಸಾಹೇಬರಿಗೆ,

ವಿಷಯ: ಬೂಷ್ಟನ್ನು ಸೊಸೈಟಿಯ ಸದಸ್ಯನನ್ನಾಗಿ ಸೇರಿಸಿಕೊಳ್ಳುವ ಬಗ್ಗೆ.

ಮಾನ್ಯರೇ,

ಮಳೆ ಶುರುವಾದಂದಿನಿಂದ ನಮ್ಮ ಕಟ್ಟಡಗಳಲ್ಲಿ ಹೊಸದೊಂದು ಸಂಸಾರ ಬಂದು ನೆಲೆಸಿದೆ. ಲೀವ್ ಅಂಡ್ ಲೈಸೆನ್ಸ್ ಕರಾರಿಲ್ಲ, ಪೊಲೀಸ್ ವೆರಿಫಿಕೇಶನ್ ಇಲ್ಲ, ತಮ್ಮ ಎನ್‌ಒಸಿಯನ್ನಂತೂ ಅದು ಕೇಳಿಯೇ ಇಲ್ಲ. ಬಾಡಿಗೆಯವರ ಸಾಮಾನಿನ ಟೆಂಪೋ ಗೇಟಿನೊಳಗೆ ಬಂದರೆ ಸಾಕು, ತಾವು ವಾಚ್‌ಮನ್‌ನಿಂದ ಖಜಾಂಚಿಯವರೆಗೆ ಎಲ್ಲರನ್ನೂ ಕೆಳಗಿಳಿಸುತ್ತೀರಿ. ಆದರೆ ಈ ಸಂಸಾರವನ್ನು ತೋರಿಸಿದರೆ ಮಾತ್ರ "ಥೋಡೀ ಓಲ್ ಆಹೇ, ಊನ್ ಪಡ್ಲಂ ಕೀ ಸುಕೇಲ್" ಎನ್ನುತ್ತೀರಿ. ಬಿಸಿಲು ಬಿದ್ದರೆ ಒಣಗುತ್ತದೆ, ನಿಜ. ಮುಂಬಯಿಗೆ ಮಳೆಗಾಲ ಬರುವುದು ಜೂನ್ 11ಕ್ಕೆ, ಹಿಂದೆ ಸರಿಯುವುದು ಅಕ್ಟೋಬರ್ 8ಕ್ಕೆ. ಹವಾಮಾನ ಇಲಾಖೆಯ ಪಂಚಾಂಗ ಹೇಳುವುದು ಹಾಗೆ. ನಡುವಿನ ನಾಲ್ಕು ತಿಂಗಳು ಆ ಗೋಡೆ ಯಾರದು?

ಆದ್ದರಿಂದ ನನ್ನ ವಿನಂತಿ ಇಷ್ಟು: ಓಡಿಸುವುದು ಆಗದ ಮೇಲೆ ಬೂಷ್ಟಿಗೂ ಸದಸ್ಯತ್ವ ಕೊಟ್ಟುಬಿಡಿ. ಶೇರ್ ಸರ್ಟಿಫಿಕೇಟ್ ಬರೆದು ಮೇಂಟೆನೆನ್ಸ್ ಬಿಲ್ ಹಾಕಿ. ಕಪಾಟಿನ ಹಿಂದೆ, ಹಾಸಿಗೆಯ ತಲೆಭಾಗದಲ್ಲಿ, ಬಾತ್‌ರೂಮಿನ ಪಕ್ಕದ ಗೋಡೆಯಲ್ಲಿ ಅದು ಹಿಡಿದುಕೊಂಡ ಕಾರ್ಪೆಟ್ ಏರಿಯಾಕ್ಕಾದರೂ ನಾಲ್ಕು ಕಾಸು ಬರಲಿ.

ಅರ್ಹತೆಯ ಪ್ರಶ್ನೆ ಎತ್ತುವಿರಾದರೆ, ಕೆಲಸದ ಚುರುಕಿನಲ್ಲಿ ಕಮಿಟಿಯ ಯಾರೂ ಅದರ ಹತ್ತಿರ ಸುಳಿಯಲಾರರು. ಗೋಡೆಯೋ ಗಾದಿಯೋ ಒದ್ದೆಯಾದ ಮೇಲೆ ಶಿಲೀಂಧ್ರ ಬೇರೂರಲು ಬೇಕಾಗುವುದು 24ರಿಂದ 48 ಗಂಟೆ. ಅದರ ಬೀಜಕಣಗಳು ಹೊರಗಿನಿಂದ ಹೊಸದಾಗಿ ಬರಬೇಕಾಗಿಲ್ಲ. ಅವು ಎಲ್ಲರ ಮನೆಯ ಗಾಳಿಯಲ್ಲೂ ಸದಾ ಇರುತ್ತವೆ, ನೀರಿಗಾಗಿ ಕಾಯುತ್ತಿರುತ್ತವೆ ಅಷ್ಟೇ. ಇನ್ನು ನಮ್ಮ ಉಪವಿಧಿಗಳನ್ನು ನೋಡಿ. ಕಮಿಟಿ ಮೀಟಿಂಗಿಗೆ ಪೂರ್ತಿ ಮೂರು ದಿನಗಳ ನೋಟಿಸ್. ವಿಶೇಷ ಸಾಮಾನ್ಯ ಸಭೆಗೆ ಐದು ದಿನ. ವಾರ್ಷಿಕ ಸಭೆಗೆ ಹದಿನಾಲ್ಕು ದಿನ. ಅಂದರೆ ಸೋರಿಕೆಯ ಬಗ್ಗೆ ಮಾತಾಡಲು ಯಾವ ದಿನ ಕೂರುವುದಿದೆ ಎಂಬ ಚೀಟಿಯನ್ನು ತಾವು ನೋಟಿಸ್ ಬೋರ್ಡಿಗೆ ಅಂಟಿಸಿ, ಸಭೆ ಕೂಡುವ ಮೊದಲೇ ಬೂಷ್ಟು ತನ್ನ ಸಭೆ ನಡೆಸಿ, ಠರಾವು ಪಾಸು ಮಾಡಿ, ಪಕ್ಕದ ಗೋಡೆಗೆ ಶಾಖೆ ತೆರೆದಿರುತ್ತದೆ. ಅದಕ್ಕೆ ಕೋರಂ ಬೇಡ, ಸೂಚಕರು ಅನುಮೋದಕರು ಬೇಡ. ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಮುಗಿಯಬೇಕೆಂಬ ನಿಯಮವಿದೆಯಲ್ಲ, ಅದರಿಂದಾಗಿ ಕಳೆದ ಮಳೆಗಾಲದ ಲೆಕ್ಕವನ್ನು ನಾವು ಈ ಮಳೆಗಾಲ ಮುಗಿಯುವ ಮೊದಲೇ ಓದಿ ಚಪ್ಪಾಳೆ ತಟ್ಟುತ್ತೇವೆ.

ಗೋಡೆ ಒದ್ದೆಯಾದ ಮೇಲಿನ ಆ ಎರಡು ದಿನಗಳಲ್ಲಿ ಮಾಡುವುದೇನು ಎಂದು ತಾವು ಕೇಳಬಹುದು. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನೀರು ಪ್ಲಗ್ ಪಾಯಿಂಟಿನ ಹತ್ತಿರ ಹೋಗಿದ್ದರೆ ಮೊದಲು ಮೇನ್ ಸ್ವಿಚ್ ಆಫ್. ಆಮೇಲೆ ನೀರು ಬರುವ ದಾರಿ ಬಂದ್. ನಿಂತದ್ದನ್ನು ಎತ್ತಿ ಹಾಕಿ ಒರೆಸಿದ ಮೇಲೆ ಒಣಗಿಸುವ ಕೆಲಸ, ನಾವೆಲ್ಲ ಎಡವುವುದು ಅಲ್ಲಿಯೇ. ಕಿಟಕಿ ತೆರೆದು ಫ್ಯಾನ್ ಹಾಕಿದರೆ ಒಣಗೀತು ಎಂಬುದು ಬಯಲುಸೀಮೆಯ ನಂಬಿಕೆ. ಜುಲೈಯಲ್ಲಿ ಠಾಣೆ ಖಾಡಿಯ ಮೇಲಿಂದ ಬರುವ ಗಾಳಿಯೇ ಒದ್ದೆ ಬಟ್ಟೆಯಂತಿರುತ್ತದೆ. ಜಡಿಮಳೆ ಹಿಡಿದಾಗ ಕಿಟಕಿ ಮುಚ್ಚಿ, ಎಸಿ ಇದ್ದರೆ ಡ್ರೈ ಮೋಡಿನಲ್ಲೋ, ಡಿಹ್ಯೂಮಿಡಿಫೈಯರ್ ಇದ್ದರೆ ಅದರಿಂದಲೋ ಕೋಣೆಯ ತೇವ ಇಳಿಸಬೇಕು. ಮಳೆ ಹೊಳವಾದಾಗಷ್ಟೇ ಎದುರುಬದುರಿನ ಕಿಟಕಿ ತೆರೆಯಬೇಕು. ಕಪಾಟು, ಮಂಚಗಳನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಬೇಕು. ಒದ್ದೆ ಬಟ್ಟೆಯನ್ನು ಅದೇ ಕೋಣೆಯಲ್ಲಿ ಹರವಬಾರದು. ಡಾಂಬರು ಗುಳಿಗೆಯನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ನಿಶ್ಚಿಂತರಾಗಿರುವ ಅತ್ತಿಗೆಯರಿಗೂ ಒಂದು ಮಾತು: ಅದು ನುಸಿಯನ್ನು ಓಡಿಸುತ್ತದೆ, ಬೂಷ್ಟು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಗಾಳಿಯ ತೇವ ನೂರಕ್ಕೆ 60ರ ಕೆಳಗಿದ್ದರೆ ಬೂಷ್ಟಿಗೆ ಬದುಕು ಕಷ್ಟ, 50ರ ಕೆಳಗಾದರೆ ಇನ್ನೂ ಕಷ್ಟ. ಇದನ್ನು ನಾನು ಹೇಳಬೇಕಾಗಿಲ್ಲ, ಮಹಾಪೆಗೇ ಗೊತ್ತಿದೆ. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಪಾರ್ಸಿಕ್ ಗುಡ್ಡದ ಅಡಿಯಲ್ಲಿ ಡೇಟಾ ಸೆಂಟರ್‌ಗಳಿವೆ. ಅಲ್ಲಿ ಕಂಪ್ಯೂಟರುಗಳು ಉಸಿರಾಡುವುದಿಲ್ಲ, ಆದರೂ ಅವುಗಳ ಸುತ್ತಲಿನ ಗಾಳಿಯ ಉಷ್ಣತೆ, ತೇವ ಎರಡನ್ನೂ ಹಗಲಿರುಳು ಅಳೆಯುತ್ತಾರೆ. ಅಂಥ ಕಡೆ ಶಿಫ್ಟ್ ಮುಗಿಸಿದ ನಮ್ಮ ಹುಡುಗರು ಶೀಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಕೂತು ಡೊಂಬಿವಲಿಯ ಮನೆ ಸೇರುತ್ತಾರೆ. ಅಲ್ಲಿ ಉಬ್ಬಸದ ಮಗು ಕಪ್ಪು ಚುಕ್ಕೆಯ ಗೋಡೆಗೆ ಮುಖ ಮಾಡಿ ಮಲಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒದ್ದೆ ಮನೆ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗದರ್ಶಿ ಹೊರಡಿಸಿತು. ಇಂಥ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ತೇವ ಅಳೆಯುವ ಪುಟ್ಟ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ನಮ್ಮ ಸೊಸೈಟಿಗಳ ಗಣೇಶೋತ್ಸವದ ಒಂದು ಹೂವಿನ ಹಾರಕ್ಕಿಂತ ಅಗ್ಗವಾಗಿ.

ಗಣೇಶನ ಹೆಸರು ಬಂದದ್ದರಿಂದ ಬಣ್ಣದ ಮಾತು. ಮಳೆ ಜೋರಾಗಿರುವಾಗಲೇ ನಮ್ಮಲ್ಲಿ ಗಣಪತಿ ಬರುತ್ತಾನೆ, ಗಣಪತಿ ಬರುವ ಮೊದಲು ಗೋಡೆ ಚಂದ ಕಾಣಬೇಕು. ಪೇಂಟರ್ ಒದ್ದೆ ಗೋಡೆಯ ಕಪ್ಪನ್ನು ಒಣ ಬಟ್ಟೆಯಿಂದ ಕೊಡವುತ್ತಾನೆ, ಬೀಜಕಣಗಳು ಹಾಲಿನಿಂದ ದೇವರ ಕೋಣೆಯವರೆಗೆ ಹಾರಾಡುತ್ತವೆ. ಮೇಲೆ ಪುಟ್ಟಿ, ಅದರ ಮೇಲೆ ಎರಡು ಕೋಟು ಬಣ್ಣ. ಹತ್ತು ವರ್ಷ ಗ್ಯಾರಂಟಿ! ವಿಸರ್ಜನೆ ಮುಗಿದು ದೀಪಾವಳಿ ಬರುವಷ್ಟರಲ್ಲಿ ಬಣ್ಣ ಗುಳ್ಳೆ ಏಳುತ್ತದೆ, ಉಪ್ಪು ಹೊಮ್ಮುತ್ತದೆ. ಬೂಷ್ಟಿಗೆ ಮಾತ್ರ ಮನೆ ಬದಲಿಸುವ ತಾಪತ್ರಯ ಬರಲಿಲ್ಲ, ಹೊಸ ಚಾದರ ಸಿಕ್ಕಿತು.

ಸರಿಯಾದ ಕ್ರಮ ಇಷ್ಟೊಂದು ಅದ್ಧೂರಿಯಲ್ಲ. ಕೈಗೆ ಗ್ಲೌಸ್, ಮುಖಕ್ಕೆ ಎನ್95 ಮಾಸ್ಕ್. ಮೂರು ಅಡಿ ಉದ್ದ ಮೂರು ಅಡಿ ಅಗಲದಷ್ಟು ಜಾಗವಾದರೆ ನಾವೇ ಸೋಪಿನಪುಡಿ ನೀರಿನಿಂದ ತಿಕ್ಕಿ ಒರೆಸಿ, ಪೂರ್ತಿ ಒಣಗಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ತಿಳಿದವರನ್ನು ಕರೆಯಬೇಕು. ಒದ್ದೆಯಾಗಿ ಬೂಷ್ಟು ಹಿಡಿದ ಪಿಒಪಿ ಸೀಲಿಂಗ್, ಪ್ಲೈವುಡ್, ಹತ್ತಿಯ ಗಾದಿ ಇವುಗಳ ಮೇಲಿನ ಮೋಹ ಬಿಡಲೇಬೇಕು, ಬೂಷ್ಟಿನ ಬೇರು ಅವುಗಳ ಒಳಗಿರುತ್ತದೆ. ಬ್ಲೀಚಿಂಗ್ ಸುರಿದರೆ ಬಣ್ಣ ಹೋದೀತು, ಆದರೆ ಸತ್ತ ಬೂಷ್ಟೂ ಸೀನು ತರಿಸುತ್ತದೆ. ಇನ್ನು ಕೆಲವರು ಹುಮ್ಮಸ್ಸಿನಲ್ಲಿ ಬ್ಲೀಚಿಗೆ ಬಾತ್‌ರೂಮಿನ ಆಸಿಡ್ ಬೆರೆಸುತ್ತಾರೆ. ಅದರಿಂದ ಹುಟ್ಟುವುದು ಕ್ಲೋರಿನ್ ವಿಷಾನಿಲ. ಗೋಡೆ ಸ್ವಚ್ಛವಾಗುವ ಮೊದಲು ಫ್ಲಾಟೇ ಖಾಲಿಯಾದೀತು.

ಕರಾವಳಿಯಿಂದ ಬಂದ ನಮ್ಮಂಥವರಿಗೆ ಮಳೆ ಹೊಸದಲ್ಲ ಎಂದು ಕೆಲವರು ಎದೆ ತಟ್ಟಿಕೊಳ್ಳುತ್ತಾರೆ. ಊರಿನ ಮನೆಗಳಿಗೆ ಉದ್ದನೆಯ ಸೂರು ಇತ್ತು, ಗೋಡೆಗೆ ಮಳೆ ಬಡಿಯುತ್ತಿರಲಿಲ್ಲ. ವರ್ಷವರ್ಷ ಸುಣ್ಣ ಬಳಿಯುತ್ತಿದ್ದರು, ಕ್ಷಾರಗುಣದ ಸುಣ್ಣದ ಮೇಲೆ ಬೂಷ್ಟು ಸುಲಭಕ್ಕೆ ಹಿಡಿಯದು. ಒಲೆಯ ಬಿಸಿ, ಹೊಗೆ ಅಟ್ಟದವರೆಗೂ ಏರುತ್ತಿತ್ತು. ಇಲ್ಲಿ ಸೂರಿಲ್ಲ, ಸುಣ್ಣವಿಲ್ಲ, ಬಾಲ್ಕನಿಯನ್ನೂ ಒಳಗೆ ಸೇರಿಸಿಕೊಂಡು ಹಾಲ್ ದೊಡ್ಡದು ಮಾಡಿದ್ದೇವೆ. ಪಶ್ಚಿಮದ ಮಳೆ ಈಗ ನೇರವಾಗಿ ಬೆಡ್‌ರೂಮಿನ ಗೋಡೆಗೇ ಹೊಡೆಯುತ್ತದೆ.

ಈಗ ಮುಖ್ಯ ಜಗಳಕ್ಕೆ ಬರೋಣ. ಕೆಳಗಿನವರು ಮೇಲಿನವರನ್ನು ತೋರಿಸುತ್ತಾರೆ, ಮೇಲಿನವರು ಸೊಸೈಟಿಯನ್ನು, ಸೊಸೈಟಿ ಬಿಲ್ಡರನ್ನು, ಬಿಲ್ಡರ್ ಆಕಾಶವನ್ನು. ಉಪವಿಧಿಯಲ್ಲಿ ಇದು ಬಹಳ ಸರಳವಾಗಿದೆ ಸಾಹೇಬರೇ, ಪುಸ್ತಕ ತಮ್ಮ ಕಪಾಟಿನಲ್ಲೇ ಇದೆ, ಅದಕ್ಕೂ ಬೂಷ್ಟು ಹಿಡಿಯದಿದ್ದರೆ ತೆರೆದು ನೋಡಿ. ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪು ಮತ್ತು ಡ್ರೈನೇಜಿನ ಸೋರಿಕೆ ಸೊಸೈಟಿಯ ಖರ್ಚು. ತಾರಸಿಯ ನೀರಿಳಿದು ಮೇಲಂತಸ್ತಿನ ಸೀಲಿಂಗಿನ ಪ್ಲಾಸ್ಟರ್ ಹಾಳಾದರೆ ಅದೂ ಸೊಸೈಟಿಯದೇ. ಟಾಯ್ಲೆಟ್, ಸಿಂಕ್‌ನಂಥ ಒಳಗಿನ ಸೋರಿಕೆ ಆಯಾ ಫ್ಲಾಟಿನವರದು. ಯಾರದು ಎಂದು ತಿಳಿಯಲು ಜಾತಕ ನೋಡಬೇಕಾಗಿಲ್ಲ. ಮೇಲಿನವರ ಬಾತ್‌ರೂಮಿನಲ್ಲಿ ನೀರು ಹೋಗುವ ನಹಾನಿ ಟ್ರ್ಯಾಪಿಗೆ ಬಣ್ಣದ ನೀರು ಹೊಯ್ದು ನೋಡಿ, ಕೆಳಗೆ ಅದೇ ಬಣ್ಣ ಇಳಿದರೆ ತೀರ್ಪು ಸಿಕ್ಕಿತು. ಗೋಡೆಯ ಮೇಲೆ ಪಾಲಿಥೀನ್ ಹಾಳೆಯೊಂದನ್ನು ಟೇಪಿನಿಂದ ನಾಲ್ಕೂ ಕಡೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈ ಒದ್ದೆಯಾದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈ ಒದ್ದೆಯಾದರೆ ಕೋಣೆಯ ಗಾಳಿಯ ತೇವ, ಅಂದರೆ ನಿಮ್ಮದೇ ಪ್ರೆಶರ್ ಕುಕ್ಕರಿನದು, ಒಣಹಾಕಿದ ಬಟ್ಟೆಯದು. ಇಷ್ಟಕ್ಕೆ ಕೋರ್ಟು, ರಿಜಿಸ್ಟ್ರಾರು, ಭಾಷಾವಾರು ಪ್ರಾಂತ್ಯದ ಜಗಳ ಯಾವುದೂ ಬೇಕಾಗಿಲ್ಲ.

ಗೋಡೆ ನೀರು ಕುಡಿಯುವ ಪರಿಗೆ ಹಳೆಯ ನೆನಪೊಂದು ಸಾಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ, ಕಲ್ಯಾಣದ ಕೆಳಮಹಡಿಗಳಿಗೆ ನುಗ್ಗಿತು. ಇಲ್ಲಿವರೆಗೆ ನೀರಿತ್ತು ಎಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸುವವರು ಇಂದಿಗೂ ಸಿಗುತ್ತಾರೆ. ಪ್ಲಾಸ್ಟರ್ ನೀರನ್ನು ಆ ಗೆರೆಯಿಂದಲೂ ಮೇಲಕ್ಕೆ ಹೀರಿಕೊಳ್ಳುತ್ತದೆ ಎಂಬುದನ್ನು ಮಾತ್ರ ಯಾರೂ ತೋರಿಸುವುದಿಲ್ಲ.

ಬೂಷ್ಟು ತೊಂದರೆಯಲ್ಲ, ನೋಟಿಸು ಎಂದು ತಿಳಿದುಕೊಂಡರೂ ಸಾಕಿತ್ತು. ಕಾಂಕ್ರೀಟಿನೊಳಗೆ ಇಳಿದ ಅದೇ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಒಂದು ದಿನ ಪ್ಲಾಸ್ಟರು ಗಾದಿಯ ಮೇಲೆ ಬೀಳುತ್ತದೆ. ಹದಿನೈದರಿಂದ ಮೂವತ್ತು ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಮೂವತ್ತು ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಎಂದು ಉಪವಿಧಿ ಹೇಳುತ್ತದೆ. ಲೆಕ್ಕದ ಆಡಿಟ್ಟಿನಲ್ಲಿ ಚಹಾದ ಬಿಲ್ಲು ಹುಡುಕುವ ನಾವು ಕಂಬದ ಆಡಿಟ್ಟಿಗೆ "ಮುಂದಿನ ವರ್ಷ ನೋಡೋಣ" ಎನ್ನುತ್ತೇವೆ.

ಸದಸ್ಯತ್ವ ಕೊಡಲು ಮನಸ್ಸಿಲ್ಲವಾದರೆ ಮುಂದಿನ ಸಭೆಗೆ ಈ ಠರಾವು ಇಡಿ: ರಿಪೇರಿ ಫಂಡಿನಿಂದ ಎರಡು ದೊಡ್ಡ ಫ್ಯಾನು, ಒಂದು ಡಿಹ್ಯೂಮಿಡಿಫೈಯರು, ಒಂದು ತೇವದ ಮೀಟರು ಕೊಂಡು ವಾಚ್‌ಮನ್ ಕೋಣೆಯಲ್ಲಿಡುವುದು, ಯಾರ ಮನೆಯಲ್ಲಿ ನೀರು ಬಂದರೂ ಅದೇ ರಾತ್ರಿ ಕೊಡುವುದು. ಮೇ ತಿಂಗಳಲ್ಲೇ ತಾರಸಿಯ ನೀರಿನ ಪೈಪುಗಳ ಬಾಯಿ ಸಾಫ್ ಮಾಡಿಸುವುದು. ಸೋರಿಕೆಯ ದೂರು ಬಂದರೆ ಮೀಟಿಂಗಿಗೆ ಕಾಯದೆ ಸೆಕ್ರೆಟರಿಯೇ ಪ್ಲಂಬರನನ್ನು ಕರೆದು, ಆಮೇಲೆ ಮಂಜೂರಿ ಪಡೆಯುವುದು.

ಕೋರಂ ಎಂದಿನಂತೆ ಆಗುವುದಿಲ್ಲ, ನನಗೆ ಗೊತ್ತು. ಸಭೆ ಅರ್ಧ ಗಂಟೆ ಮುಂದೂಡಿ, ಆಮೇಲೆ ಬಂದವರಿಂದಲೇ ನಡೆಯುತ್ತದೆ. ಆ ಅರ್ಧ ಗಂಟೆಯನ್ನು ಚಹಾ, ವಡಾಪಾವಿಗೆ ಕಳೆಯಬೇಡಿ. ತಾರಸಿಗೆ ಹತ್ತಿ, ಆ ಮೂಲೆಯ ಪೈಪಿನ ಬಾಯಿಗೆ ಸಿಕ್ಕಿಕೊಂಡಿರುವ ಪ್ಲಾಸ್ಟಿಕ್ ಚೀಲವನ್ನು ತೆಗೆದು ಬರೋಣ. ಬೀಗದ ಕೀಲಿ ತಮ್ಮಲ್ಲೇ ಇದೆ, ಬರುವಾಗ ತನ್ನಿ.

ಇಂತಿ ತಮ್ಮ ವಿಶ್ವಾಸಿ,
ಮೇಲಂತಸ್ತಿನ ಸದಸ್ಯ